ಚೌಕಟ್ಟಿಲ್ಲದ ಅಜ್ಜ

ನಮ್ಮ ಗೋಕುಲ ರಸ್ತೆಯ ಕಡೆ ಗೋಡೆಯ ಮೇಲೆ ಹಿರಿಯರು ಚೌಕಟ್ಟಿನೊಳಗೆ ಕಂಡರೆ ಬಂದವರ ಕಣ್ಣು ಮೊದಲು ಮಾಲೆ ಹುಡುಕುತ್ತದೆ. ಧಾರವಾಡದ ಹಾಲಭಾವಿಯವರ ಚಿತ್ರಕಲಾ ಶಾಲೆಯಲ್ಲಿ ಕಲಿತ ಕಾಕಾ ಬರೆದ ಅಜ್ಜನ ತೈಲಚಿತ್ರಕ್ಕೆ ಚೌಕಟ್ಟು ಹಾಕಿಸೋಣವೆಂದರೆ, ಗಟ್ಟಿಮುಟ್ಟಾಗಿರುವ ಅಜ್ಜ ಸಿಡಿಯುತ್ತಾರೆ: “ಯಾಕಪಾ, ಭಾಳ ಅವಸರ ಐತೇನ?”

ನಿಜ ಹೇಳಬೇಕೆಂದರೆ, ಕಟ್ಟಿಗೆ ಪಟ್ಟಿಗೆ ಬಿಗಿದ ಕ್ಯಾನ್ವಾಸನ್ನು ಹಾಗೆಯೇ ಮೊಳೆಗೆ ತೂಗುಹಾಕಬಹುದು. ಗಾಜಿನ ರಕ್ಷಣೆ ಬೇಕಾದದ್ದು ಕಾಗದದ ಮೇಲಿನ ಜಲವರ್ಣಕ್ಕೆ. ಈ ಶಾಸ್ತ್ರ ನೆಂಟರಿಗೆ ಹೇಳುವವರು ಯಾರು? “ರೊಕ್ಕ ಕಮ್ಮಿ ಬಿತ್ತೇನ್ರಿ?” ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಅತ್ತಿಯ ತಕರಾರು ಬೇರೆ: ರವಿವರ್ಮನ ಅಚ್ಚಿನ ಸರಸ್ವತಿಗೆ ಬಂಗಾರಬಣ್ಣದ ಚೌಕಟ್ಟು, ಮನೀ ಹಿರೇರಿಗೆ ಬರೇ ಮೊಳೆ!

ಅಜ್ಜನಿಗೆ ಅದರ ಚಿಂತೆಯಿಲ್ಲ. ಚಿತ್ರದ ಕೆಳಗೇ ಕುಳಿತು, ಮೀಸೆ ಇನ್ನೊಂಚೂರು ದಪ್ಪ ಬರೀಬೇಕಿತ್ತು ಎಂದು ಕಾಕಾನ ಜೊತೆ ಜಗಳ ನಡೆಸಿದ್ದಾರೆ.