ಲಂಗರಿಗೆ ಬೇರೆ ದುಡ್ಡು

ಘಾಟಿ ಸುಬ್ರಹ್ಮಣ್ಯಕ್ಕೆ ಡಿಸೆಂಬರ್ ಹೇಗೋ ಅಮೆರಿಕದ ಅನಾಪೊಲಿಸ್‌ಗೆ ಅಕ್ಟೋಬರ್ ಹಾಗೆ. ಅಲ್ಲಿ ದನಗಳ ಜಾತ್ರೆ, ಇಲ್ಲಿ ಹಾಯಿದೋಣಿಗಳ ಜಾತ್ರೆ. 1970ರಲ್ಲಿ ಶುರುವಾದದ್ದಂತೆ. ಚೆಸಾಪೀಕ್ ಕೊಲ್ಲಿಯ ನೀರು ಊರ ನಡುವಿನವರೆಗೂ ಒಂದು ಕಿರಿದಾದ ಓಣಿಯಾಗಿ ನುಗ್ಗಿದೆ. ವರ್ಷವಿಡೀ ದೋಣಿ ಇದ್ದವರು ಇಲ್ಲದವರಿಗೆ ತೋರಿಸಲೆಂದೇ ಅಲ್ಲಿ ಬಂದು ಹೋಗುತ್ತಾರಾದ್ದರಿಂದ ಊರವರು ಅದಕ್ಕೆ 'ಈಗೋ ಆ್ಯಲಿ' ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಜಂಬದ ಓಣಿ ಎನ್ನಬಹುದು.

ಅಲ್ಲಿನ ಜಾತ್ರೆಗೆ ನನ್ನನ್ನು ಕರೆದುಕೊಂಡು ಹೋದವರು ಅಳಿಯಂದಿರು. ಸಾಫ್ಟ್‌ವೇರಿನವರು. ಈಜು ಬರುವುದಿಲ್ಲ. ಎರಡು ವರ್ಷದಿಂದ ರಾತ್ರಿ ಹೊತ್ತು ಯೂಟ್ಯೂಬಿನಲ್ಲಿ ಸಮುದ್ರಯಾನ ಮಾಡಿ ಈಗ ಹೊಸ ದೋಣಿಯನ್ನೇ ಕೊಳ್ಳುತ್ತೇನೆಂದು ಹೊರಟಿದ್ದಾರೆ. "ಅಪ್ಪ, ನೀವು ಜೊತೆಗೆ ಹೋಗಿ, ಚೌಕಾಸಿ ಅಂದ್ರೆ ಅವರಿಗೆ ನಾಚಿಕೆ" ಎಂದಳು ಮಗಳು. ನಾನೇನು ದೋಣಿ ಕಂಡವನಲ್ಲ. ಚಿಕ್ಕವನಿದ್ದಾಗ ಅಪ್ಪನ ಜೊತೆ ಘಾಟಿಯಲ್ಲಿ ಎತ್ತು ಕೊಂಡದ್ದಷ್ಟೇ ನನ್ನ ಅರ್ಹತೆ.

ದೋಣಿ ಹತ್ತುವ ಮುಂಚೆ ದೇವಸ್ಥಾನದ ಹಾಗೆ ಪಾದರಕ್ಷೆ ಬಿಡಬೇಕು. ಅದಕ್ಕೊಂದು ಬುಟ್ಟಿ. ನನ್ನ ಎಡಗಾಲಿನ ಕಾಲ್ಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಸೇಲ್ಸ್‌ಮನ್ ಅದನ್ನು ನೋಡಿ, ಇವನ ಹತ್ತಿರ ದುಡ್ಡಿಲ್ಲವೆಂದು ತೀರ್ಮಾನಿಸಿ, ಅಳಿಯಂದಿರನ್ನು ಮಾತ್ರ ಕೆಳಗಿನ ಕೋಣೆಗೆ ಇಳಿಸಿಕೊಂಡು ಹೋದ. ನಾನು ಮೇಲೆ ಚುಕ್ಕಾಣಿಯ ಪಕ್ಕ ಕೂತೆ. ಸುಮ್ಮನೆ ಕೂತಿರಲಾರದೆ ದೋಣಿಯನ್ನೇ ಮಾತಿಗೆಳೆದೆ.

ನಾನು: ಇಲ್ಲಿನವರು ನಿಮ್ಮನ್ನ 'ಅವಳು' ಅಂತಾರಂತೆ, ಹೌದಾ?

ದೋಣಿ: ಹೊಗಳೋವಾಗ 'ಅವಳು'. ಬಿಲ್ ಬರೆಯೋವಾಗ 'ಅದು'.

ನಾನು: ಬೋರ್ಡಿನ ಮೇಲೆ 1,99,900 ಡಾಲರ್ ಅಂತಿದೆ. ಬಾಟಾ ಅಂಗಡಿ ಚಪ್ಪಲಿ ರೇಟು ಇದ್ದ ಹಾಗಿದೆ.

ದೋಣಿ: ಅದು ನನ್ನ ಬೆಲೆ ಅಲ್ಲ ಯಜಮಾನ್ರೆ. ನಾನು ಫ್ರಾನ್ಸಿನ ಕಾರ್ಖಾನೆ ಬಾಗಿಲಲ್ಲಿ ನಿಂತಿದ್ದಾಗಿನ ಬೆಲೆ. ಅಲ್ಲಿಂದ ಇಲ್ಲಿಗೆ ಬಂದಿದ್ದಕ್ಕೆ ಸಾಗಣೆ ಬೇರೆ, 14,000.

ನಾನು: ದೋಣಿ ಅಲ್ವಾ ನೀವು? ತೇಲಿಕೊಂಡೇ ಬರಬಹುದಿತ್ತಲ್ಲ!

ದೋಣಿ: ಹಡಗಿನ ಮೇಲೆ ಮಲಗಿಕೊಂಡು ಬಂದೆ. ಇಳಿದ ಮೇಲೆ ಲಾರಿ ಹತ್ತಿದೆ. ಇಲ್ಲಿ ಎಂಟೂವರೆ ಅಡಿಗಿಂತ ಅಗಲದ ಸಾಮಾನು ರಸ್ತೆ ಮೇಲೆ ಹೋಗಬೇಕಾದರೆ ವಿಶೇಷ ಪರವಾನಗಿ ಬೇಕು. ನಾನು ಹನ್ನೊಂದೂವರೆ ಅಡಿ ಇದ್ದೀನಿ. ಹಾಯಿಕಂಬವನ್ನ ಬಿಚ್ಚಿ ಪಕ್ಕದಲ್ಲಿ ಮಲಗಿಸಿದ್ದರು. ಅದನ್ನ ಕ್ರೇನಿನಲ್ಲಿ ಎತ್ತಿ ನಿಲ್ಲಿಸಿ, ತಂತಿ ಬಿಗಿದು, ಪಾಚಿ ಕಪ್ಪೆಚಿಪ್ಪು ಹತ್ತದ ಹಾಗೆ ತಳಕ್ಕೆ ಬಣ್ಣ ಬಳಿದು ನೀರಿಗಿಳಿಸಬೇಕಲ್ಲ, ಅದಕ್ಕೆ ಕಮಿಷನಿಂಗ್ ಅಂತಾರೆ. 12,000.

ನಾನು: ಕಮಿಷನ್ನಾ? ಇಲ್ಲೂ ಇದೆಯಾ? ಎಷ್ಟು ಪರ್ಸೆಂಟು?

ದೋಣಿ: ಅದಲ್ಲ ರೀ, ಇದು ಕೆಲಸ ಮಾಡಿ ತಗೊಳ್ಳೋದು. ಆದರೆ ಯಾವ ಯಾವ ಕೆಲಸ ಅಂತ ಒಂದೊಂದಾಗಿ ಬರೆಸಿಕೊಳ್ಳಬೇಕು. 'ಕಮಿಷನಿಂಗ್' ಅಂತ ಒಂದೇ ಪದ ಬರೆದು ಪಕ್ಕದಲ್ಲಿ ಮೊತ್ತ ಹಾಕಿದರೆ, ನೀವು ಕೇಳಿದಿರಲ್ಲ, ಆ ಅರ್ಥಕ್ಕೂ ಇದಕ್ಕೂ ಬಹಳ ದೂರ ಇರೋದಿಲ್ಲ.

ನಾನು: ಆಮೇಲೆ?

ದೋಣಿ: ದಾರಿ ತೋರಿಸೋ ಪರದೆ, ಆಳ ಅಳೆಯೋ ಯಂತ್ರ, ರೇಡಿಯೋ, ತಾನೇ ಚುಕ್ಕಾಣಿ ಹಿಡಿಯೋ ಸಾಧನ, ಎಲ್ಲ ಸೇರಿ ಒಂದು ಪ್ಯಾಕೇಜು, 16,000. ಮೂತಿ ತಿರುಗಿಸೋ ಮೋಟಾರು, ಹಗ್ಗ ಎಳೆಯೋ ವಿದ್ಯುತ್ ರಾಟೆ, ಬಿಸಿಲಿಗೆ ಮೇಲ್ಛಾವಣಿ, 15,000.

ನಾನು: (ಕಾಗದದಲ್ಲಿ ಕೂಡಿ) 2,56,900 ಆಯ್ತು!

ದೋಣಿ: ಅದರ ಮೇಲೆ ಇಲ್ಲಿನ ಮೇರಿಲ್ಯಾಂಡ್ ರಾಜ್ಯ ಸರ್ಕಾರಕ್ಕೆ ಶೇಕಡಾ 5 ತೆರಿಗೆ. ಹತ್ತಿರ ಹತ್ತಿರ ಹದಿಮೂರು ಸಾವಿರ. ಗಾಳಿ ಒಂದು ಪುಕ್ಕಟೆ.

ನಾನು: ಲಂಗರು ಸೇರಿದೆ ತಾನೆ?

ದೋಣಿ: ಇಲ್ಲ.

ನಾನು: ದೋಣಿಗೆ ಲಂಗರು ಇಲ್ವಾ?

ದೋಣಿ: ಕಟ್ಟೋ ಹಗ್ಗ ಇಲ್ಲ. ಕಟ್ಟೆಗೆ ತಿಕ್ಕದ ಹಾಗೆ ಮಧ್ಯೆ ತೂಗು ಹಾಕೋ ಗಾಳಿಚೀಲ ಇಲ್ಲ. ಮುಳುಗುವಾಗ ತೊಡೋ ಜಾಕೀಟೂ ಇಲ್ಲ.

ನಾನು: ಎತ್ತಿಗೆ ಒಂದು ಬೆಲೆ ಹೇಳಿ ಕೊಂಬಿಗೆ ಬೇರೆ ರೇಟು ಅಂದ ಹಾಗಾಯ್ತಲ್ಲ.

ದೋಣಿ: ಕೊಂಬಿನ ಮಾತು ಬಂತು, ಇದನ್ನೂ ಕೇಳಿ. ನನ್ನ ಹೆಸರಿನಲ್ಲಿ 35 ಇದೆ. ಎಲ್ಲರೂ 35 ಅಡಿ ಅಂದುಕೊಳ್ತಾರೆ. ಮೂತಿ ಮುಂದೆ ಚಾಚಿಕೊಂಡ ಕಂಬಿ ಕಂಡಿರಾ? ಅದನ್ನೂ ಸೇರಿಸಿದರೆ 37. ದೋಣಿ ಕಟ್ಟೋ ಜಾಗಕ್ಕೆ ಮರೀನಾದವರು ಅಡಿ ಲೆಕ್ಕದಲ್ಲಿ ಬಾಡಿಗೆ ತಗೊಳ್ತಾರೆ, ಅವರ ಟೇಪು ಕೊಂಬಿನ ತುದಿಯಿಂದಲೇ ಶುರು. ನನ್ನನ್ನ ಸಾಕೋಕೆ ವರ್ಷಕ್ಕೆ ನನ್ನ ಬೆಲೆಯ ಹತ್ತನೇ ಒಂದು ಪಾಲು ತೆಗೆದಿಡಿ ಅನ್ನೋದು ಇಲ್ಲಿ ರೂಢಿಯ ಮಾತು.

(ಇಷ್ಟರಲ್ಲಿ ಕೆಳಗಿನಿಂದ ಅಳಿಯಂದಿರ ಕೂಗು: "ಮಾವ, ಬಂದು ಫ್ರಿಜ್ ನೋಡಿ! ಸೂಪರ್! ವಾವ್!")

ದೋಣಿ: ಹೋಯ್ತು ಐದು ಸಾವಿರ.

ನಾನು: ಏನಾಯ್ತು?

ದೋಣಿ: ಸೇಲ್ಸ್‌ಮನ್‌ಗೆ ಕನ್ನಡ ಬಾರದೆ ಇರಬಹುದು, 'ವಾವ್' ಬರುತ್ತೆ. ಕೊಳ್ಳೋನ ಹಲ್ಲು ಕಂಡಷ್ಟೂ ಬೆಲೆ ಇಳಿಯೋದಿಲ್ಲ.

ನಾನು: ನಮ್ಮಲ್ಲಿ ಹಲ್ಲು ನೋಡೋದು ಎತ್ತಿಂದು. ಎರಡು ಹಲ್ಲೋ, ನಾಲ್ಕು ಹಲ್ಲೋ, ತುಟಿ ಎತ್ತಿ ನೋಡಿದರೆ ವಯಸ್ಸು ಗೊತ್ತಾಗುತ್ತೆ. ನಿಮ್ಮ ವಯಸ್ಸು?

ದೋಣಿ: ಇದನ್ನ ಕೇಳೋರಿಲ್ಲ ಅಂತ ಇಷ್ಟು ಹೊತ್ತು ಬೇಜಾರಾಗಿತ್ತು. ಹಿಂದುಗಡೆ ಹೋಗಿ. ಬೆನ್ನಿನ ಹಲಗೆಯ ಬಲಗಡೆ ಮೇಲಿನ ಮೂಲೆ ನೋಡಿ.

ಎದ್ದು ಹೋಗಿ ಬಗ್ಗಿದೆ. ಕನ್ನಡಕ ಜಾರಿ ಚೆಸಾಪೀಕಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಬೆರಳಿಗೆ ಸಿಗುವ ಹಾಗೆ ಹನ್ನೆರಡು ಅಕ್ಷರ ಮತ್ತು ಅಂಕೆ ಕೊರೆದಿದ್ದರು. ಕೊನೆಯ ನಾಲ್ಕು: ಬಿ, 4, 2, 4.

ದೋಣಿ: ಮೊದಲ ಮೂರು ನನ್ನ ಕುಲ, ಅಂದರೆ ಕಂಪನಿ. ನಡುವಿನ ಐದು ನನ್ನ ಸಂಖ್ಯೆ. ಆಮೇಲೆ ಹುಟ್ಟಿದ ತಿಂಗಳು: ಜನವರಿಗೆ ಎ, ಡಿಸೆಂಬರಿಗೆ ಎಲ್. ಬಿ ಅಂದರೆ ಫೆಬ್ರವರಿ. 4 ಅಂದರೆ 2024. ಕೊನೆಯ ಎರಡಂಕಿ ಮಾಡೆಲ್ ವರ್ಷ. ಅಮೆರಿಕದಲ್ಲಿ ಮಾರೋ ಪ್ರತಿ ದೋಣಿಗೂ ಈ ಜಾತಕ ಕಡ್ಡಾಯ.

ನಾನು: ಇದು 2025ರ ಅಕ್ಟೋಬರ್. ಇಪ್ಪತ್ತು ತಿಂಗಳಾಯ್ತು! ಹೊಚ್ಚ ಹೊಸದು ಅಂದನಲ್ಲ ಅವನು?

ದೋಣಿ: ಯಾರೂ ಓಡಿಸಿಲ್ಲ, ಆ ಅರ್ಥದಲ್ಲಿ ಹೊಸದೇ. ಹೋದ ವರ್ಷದ ಜಾತ್ರೆಯಲ್ಲೂ ಇಲ್ಲೇ ನಿಂತಿದ್ದೆ. ಡೀಲರ್ ನನ್ನನ್ನ ಬ್ಯಾಂಕಿನ ಸಾಲದಲ್ಲಿ ತಂದಿಟ್ಟಿದ್ದಾನೆ. ನಾನು ಹುಲ್ಲು ತಿನ್ನೋದಿಲ್ಲ, ಬಡ್ಡಿ ತಿಂತೀನಿ. ಭಾನುವಾರ ಸಂಜೆ ಜಾತ್ರೆ ಮುಗಿದು ತೇಲುಕಟ್ಟೆ ಬಿಚ್ಚಿ ದೋಣಿಗಳೆಲ್ಲ ಸಾಲಾಗಿ ಹೊರಡ್ತವೆ. ಅದನ್ನ ನೋಡೋಕೇ ಜನ ದಡದಲ್ಲಿ ಗ್ಲಾಸ್ ಹಿಡಿದು ನಿಲ್ತಾರೆ. ಮಾರಾಟವಾಗದೆ ವಾಪಸ್ ಹೋಗೋ ದೋಣಿಯ ಡೀಲರ್ ಮುಖ ನೋಡಬೇಕು ನೀವು.

ನಾನು: ನೋಡಿದ್ದೀನಿ. ಘಾಟಿಯಲ್ಲಿ ಕೊನೇ ದಿನ ಎತ್ತು ಹೊಡಕೊಂಡು ವಾಪಸ್ ನಡೆಯೋನ ಮುಖವೂ ಅದೇ. ಹಾಗಾದರೆ ಬೆಲೆ ಅರ್ಧಕ್ಕೆ ಇಳಿಸು ಅನ್ನಲಾ?

ದೋಣಿ: ಇದು ಚಿಕ್ಕಪೇಟೆ ಅಲ್ಲ. ಬೋರ್ಡಿನ ಅಂಕಿಗೆ ಕೈ ಹಾಕಿದರೆ ಅವನು ಮ್ಯಾನೇಜರನ್ನ ಕೇಳ್ಕೊಂಡು ಬರ್ತೀನಿ ಅಂತ ಎದ್ದು ಹೋಗ್ತಾನೆ.

ನಾನು: ಹೋಗಿ?

ದೋಣಿ: ಕಾಫಿ ಕುಡಿದು ಬರ್ತಾನೆ. ಅಂಕಿ ಬಿಡಿ, ಪಟ್ಟಿ ಹಿಡೀರಿ. ಲಂಗರು ಸರಪಣಿ ಹಗ್ಗ ಎಲ್ಲ ಸೇರಿ ನೀರಿಗಿಳಿದು ಹೊರಡೋ ಬೆಲೆ ಎಷ್ಟು ಅಂತ ಒಂದೇ ಹಾಳೆಯಲ್ಲಿ ಬರೆಸಿ. ಅಂಗಡಿಯವನಿಗೆ ಆ ಸಾಮಾನು ನಿಮಗಿಂತ ಅಗ್ಗಕ್ಕೆ ಸಿಗುತ್ತೆ, ಹಾಗಾಗಿ ದುಡ್ಡು ಬಿಡೋಕಿಂತ ಸಾಮಾನು ಬಿಡೋಕೆ ಮನಸ್ಸು ಬೇಗ ಬರುತ್ತೆ. ಫ್ಯಾಕ್ಟರಿಯಿಂದ ಆರ್ಡರ್ ಕೊಟ್ಟು ತರಿಸೋದಾದರೆ ನಡುವೆ ಆಮದು ಸುಂಕ ಏರಿದಾಗ ಯಾರು ಕಟ್ಟೋದು ಅನ್ನೋದನ್ನೂ ಬರೆಸಬೇಕು. ಮುಂಗಡ ಡೀಲರ್ ಜೇಬಿಗಲ್ಲ, ಬೇರೆ ಖಾತೆಯಲ್ಲಿ ಇರಲಿ. ಕೊನೇ ಕಂತು ನನ್ನನ್ನ ಕೊಲ್ಲಿಯಲ್ಲಿ ಓಡಿಸಿ ನೋಡಿದ ಮೇಲೆ.

ನಾನು: ಪರೀಕ್ಷೆ ಮಾಡೋರು ಇರ್ತಾರಾ?

ದೋಣಿ: ಸರ್ವೇಯರ್ ಅಂತಾರೆ. ಅವರದ್ದೂ ಅಡಿ ಲೆಕ್ಕದ ಫೀಸು. ಚಿಕ್ಕ ಸುತ್ತಿಗೆ ಹಿಡಿದು ಮೈಯೆಲ್ಲ ತಟ್ಟುತ್ತಾ ಬರ್ತಾರೆ, ನೀವು ಹಲಸಿನಹಣ್ಣು ತಟ್ಟೋ ಹಾಗೆ. ಫೈಬರ್‌ಗ್ಲಾಸಿನ ಪದರ ಒಳಗೆ ಬಿಟ್ಟುಕೊಂಡಿದ್ದರೆ ಟಕ್ ಅನ್ನೋ ಬದಲು ಮಂಕಾಗಿ ದಬ್ ಅನ್ನುತ್ತೆ. ಹೊಸ ದೋಣಿಗೆ ಯಾಕೆ ಸರ್ವೇ ಅಂತ ಸೇಲ್ಸ್‌ಮನ್ ನಗ್ತಾನೆ. ಡೀಲರ್ ಅದನ್ನ ಒಪ್ಪಂದದಲ್ಲಿ ಬರೆಯೋಕೆ ಒಪ್ಪದಿದ್ದರೆ ನೀವು ನಗಬೇಡಿ.

ನಾನು: ಅಳಿಯಂದಿರು ಇಪ್ಪತ್ತು ವರ್ಷದ ಸಾಲ ತೆಗೀತಾರಂತೆ. ಬಡ್ಡಿಗೆ ತೆರಿಗೆ ವಿನಾಯಿತಿ ಇದೆ ಅಂದರು. ದೋಣಿಗೆ ವಿನಾಯಿತಿಯಾ?

ದೋಣಿ: ಮಲಗೋ ಜಾಗ, ಒಲೆ, ಕಕ್ಕಸು, ಈ ಮೂರು ಇದ್ದರೆ ಅಮೆರಿಕದ ತೆರಿಗೆ ಇಲಾಖೆ ನನ್ನನ್ನ ಎರಡನೇ ಮನೆ ಅಂತ ಎಣಿಸಬಹುದು.

ನಾನು: ಬೆಂಗಳೂರಿನಲ್ಲಿ ಇವು ಮೂರೂ ಒಂದೇ ಕೋಣೆಯಲ್ಲಿದ್ದರೆ ಅದಕ್ಕೆ ಪಿ.ಜಿ. ಅಂತಾರೆ. ಇರಲಿ, ನಮ್ಮಪ್ಪ ಘಾಟಿಯಲ್ಲಿ ಬಾಯಲ್ಲಿ ಬೆಲೆ ಹೇಳುತ್ತಿರಲಿಲ್ಲ. ಟವೆಲ್ ಅಡಿ ದಲ್ಲಾಳಿಯ ಕೈ ಹಿಡಿದು ಬೆರಳು ಒತ್ತೋದು. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ತಿಳಿಯದು. ಈ ಜಾತ್ರೆಯಲ್ಲಿ ಟವೆಲ್ಲೇ ಇಲ್ಲ.

ದೋಣಿ: ಇಲ್ದೇ ಏನು? ಇಷ್ಟು ಹೊತ್ತು ನೀವು ಯಾವ ಭಾಷೆಯಲ್ಲಿ ಮಾತಾಡ್ತಿದ್ದೀರಿ?

ಹೊಳೆಯಿತು. ಕೆಳಗಿಳಿದೆ. ಅಳಿಯಂದಿರು ಪೆನ್ನಿನ ಮುಚ್ಚಳ ತೆಗೆದಿದ್ದರು. ಸೇಲ್ಸ್‌ಮನ್ ಎದುರಿಗೇ, ಮುಖದ ತುಂಬ ನಗು ಇಟ್ಟುಕೊಂಡು, ಕನ್ನಡದಲ್ಲಿ ಹೇಳಿದೆ: "ಮೊದಲು ಮುಖ ಸಪ್ಪಗೆ ಮಾಡ್ಕೊಳ್ಳಿ. ಇದಕ್ಕೆ ಇಪ್ಪತ್ತು ತಿಂಗಳಾಗಿದೆ. ಹಿಂದುಗಡೆ ಬಲಮೂಲೆಯ ನಂಬರ್ ಓದಿಕೊಂಡು ಬನ್ನಿ. ಲಂಗರು ಸರಪಣಿ ಪಟ್ಟಿಗೆ ಸೇರೋವರೆಗೂ ಪೆನ್ನು ಜೇಬಿನಲ್ಲಿರಲಿ." ಏನೆಂದರು ನಿಮ್ಮ ಮಾವ ಎಂದು ಸೇಲ್ಸ್‌ಮನ್ ಕೇಳಿದ. "ಫ್ರಿಜ್ ಚಿಕ್ಕದಾಯ್ತಂತೆ" ಎಂದರು ಅಳಿಯಂದಿರು. ಸಾಫ್ಟ್‌ವೇರಿನವರನ್ನು ನಾನು ಕಡಿಮೆ ಎಣಿಸಿದ್ದೆ.

ನಂಬರ್ ಓದಿ ಬಂದು, ಯೋಚನೆ ಮಾಡಿ ಹೇಳುತ್ತೇವೆ ಎಂದು ಎದ್ದೆವು. ಈ ರಿಯಾಯಿತಿ ಭಾನುವಾರ ಸಂಜೆಯವರೆಗೆ ಮಾತ್ರ ಎಂದು ಸೇಲ್ಸ್‌ಮನ್ ಬುಟ್ಟಿಯವರೆಗೂ ಹಿಂದೆಯೇ ಬಂದ. ನನ್ನ ಬೂಟು ತಾನೇ ಹುಡುಕಿ ಕೊಟ್ಟ.

ಬುಧವಾರ ಬೆಳಿಗ್ಗೆ ಅವನಿಂದಲೇ ಫೋನು. ಬೋರ್ಡಿನ ಬೆಲೆಯಲ್ಲಿ 11,000 ಡಾಲರ್ ಇಳಿದಿತ್ತು. ಪರದೆ ರೇಡಿಯೋಗಳ ಪ್ಯಾಕೇಜು ಅರ್ಧ ಬೆಲೆಗೆ. ಸರ್ವೇಗೆ ಒಪ್ಪಿಗೆ. ಲಂಗರು ಪುಕ್ಕಟೆ. ಸರಪಣಿಗೆ ಮಾತ್ರ ಬೇರೆ ದುಡ್ಡಂತೆ.