ಅನಿವಾಸಿ ದಾಯನಿರ್ಣಯ: ಹುಮನಾಬಾದ್ ಪಾಠಾಂತರ ಸಹಿತ

ಪರದೇಶದಲ್ಲಿ ದುಡಿಯುವ ಬಸವಕಲ್ಯಾಣದವನ ನಿವೃತ್ತಿಯ ಬಗ್ಗೆ ಇದುವರೆಗೆ ಬರೆದವರೆಲ್ಲ ಲೆಕ್ಕಪರಿಶೋಧಕರು. ಮೀಮಾಂಸಕರು ಇತ್ತ ತಲೆ ಹಾಕದ ಕಾರಣ, ನಿವೃತ್ತರಾಗಬೇಕಾದವರು ಯಾರು ಎಂಬ ಮೂಲಪ್ರಶ್ನೆಯೇ ಇತ್ಯರ್ಥವಾಗದೆ ಉಳಿದಿದೆ. ಮಗನೆಂದು ಲೋಕ ತಿಳಿದಿದೆ. ಮಗನ ನಿವೃತ್ತಿ ಯೋಜನೆಯೆಂದರೆ ಅಪ್ಪ ನಿವೃತ್ತನಾಗದಿರುವುದು ಎಂಬುದು ನಮ್ಮ ಸಿದ್ಧಾಂತ. ಇದಕ್ಕೆ ಪ್ರಮಾಣ ಹುಡುಕಿ ದೂರ ಹೋಗಬೇಕಿಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಇದೇ ಕಲ್ಯಾಣದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದು, ದಾಯವನ್ನು ಎರಡಾಗಿ ವಿಂಗಡಿಸಿದ. ಹುಟ್ಟಿದ ಮಾತ್ರಕ್ಕೇ ಹಕ್ಕು ಬಂದರೆ ಅಪ್ರತಿಬಂಧ, ಒಡೆಯ ಸತ್ತ ಮೇಲಷ್ಟೇ ಬಂದರೆ ಸಪ್ರತಿಬಂಧ. ಒಂಬತ್ತು ಶತಮಾನಗಳ ತರುವಾಯ ಬ್ಯಾಂಕಿನವರು ಇದನ್ನೇ ಕದ್ದು ಎನ್‌ಆರ್‌ಇ, ಎನ್‌ಆರ್‌ಒ ಎಂದು ಹೆಸರಿಟ್ಟರೆಂದು ಊಹಿಸಲು ಅವಕಾಶವಿದೆ. ಎನ್‌ಆರ್‌ಇ ಖಾತೆಯ ಹಣ ಬಂದ ದಾರಿಯಲ್ಲೇ ತಡೆಯಿಲ್ಲದೆ ಮರಳುತ್ತದೆ, ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಊರಿನ ಮನೆಬಾಡಿಗೆ ಬೀಳುವ ಎನ್‌ಆರ್‌ಒ ಖಾತೆಯಲ್ಲಾದರೋ ಬಡ್ಡಿಗೆ ಮೂಲದಲ್ಲೇ ನೂರಕ್ಕೆ 30ರ ಕಡಿತ, ಹೊರಗೆ ಒಯ್ಯಲು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಮಿತಿ. (ಈ ಮಿತಿ ಸಾಲದೆಂದು ಬಸವಕಲ್ಯಾಣದಿಂದ ಯಾರೂ ದೂರಿದ್ದು ಕೇಳಿಬಂದಿಲ್ಲ.)

ಪ್ರಬಲವಾದ ಪ್ರಮಾಣ ಹೊಲದ್ದು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳಂತೆ, ಅನಿವಾಸಿಯಾದವನು ಹುಮನಾಬಾದಿನಲ್ಲಿ 65ನೇ ಹೆದ್ದಾರಿಯ ಮಗ್ಗುಲಿಗೆ ಎನ್‌ಎ ಪ್ಲಾಟು ಕೊಳ್ಳಬಹುದು. ಅದರ ಹಿಂದಿನ ತೊಗರಿ ಹೊಲ ಕೊಳ್ಳುವಂತಿಲ್ಲ; ಅಪ್ಪ ದಾನಪತ್ರ ಬರೆದುಕೊಟ್ಟರೂ ಪಡೆಯುವಂತಿಲ್ಲ. ಉತ್ತರಾಧಿಕಾರದಿಂದ ಬಂದರೆ ಅಡ್ಡಿಯಿಲ್ಲ. 2020ರಲ್ಲಿ ಕರ್ನಾಟಕವು ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು ಒಕ್ಕಲುತನ ಮಾಡದವರಿಗೂ ಬಾಗಿಲು ತೆರೆಯಿತಲ್ಲ ಎಂದು ಪೂರ್ವಪಕ್ಷಿ ಕೇಳುವನು. ತೆರೆದದ್ದು ಬೆಂಗಳೂರಿನವನಿಗೆ, ಡಲ್ಲಾಸಿನವನಿಗೆ ದೆಹಲಿ ಹಾಕಿದ ಬೀಗ ಇದ್ದಂತೆಯೇ ಇದೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆಯೆಂದು ವಿಜ್ಞಾನೇಶ್ವರನೇ ಹೇಳಿಲ್ಲವೇ ಎಂದರೆ, ಹೇಳಿದ್ದಾನೆ. ಪಹಣಿಯಲ್ಲಿರುವ ಹೆಸರು ಮಾತ್ರ ಅಪ್ಪನದು. ಆ ಪಹಣಿ ತೆಗೆಸುವವನು, ಪಾಲಿಗೆ ಮಾಡಿದವನಿಂದ ರಾಶಿಯ ಲೆಕ್ಕ ಕೇಳುವವನು, ಬದು ಒತ್ತಿದವನೊಡನೆ ಜಗಳಕ್ಕೆ ನಿಲ್ಲುವವನು, ಮಗನ ಪ್ಲಾಟಿನ ಗಡಿಕಲ್ಲು ಸರಿದಿದೆಯೋ ಎಂದು ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ ನೋಡಿ ಬರುವವನು, ಎಲ್ಲ ಅವನೇ. ಮ್ಯೂಚುವಲ್ ಫಂಡಿನವರು ಇಂಥದ್ದಕ್ಕೆ ಶುಲ್ಕ ಮುರಿದುಕೊಳ್ಳುತ್ತಾರೆ. ಅಪ್ಪ ಮುರಿದುಕೊಂಡ ದಾಖಲೆಯಿಲ್ಲ.

ಇನ್ನು ಪಾಶ್ಚಾತ್ಯ ಆಕ್ಷೇಪ. ಮೊದಲ ವರ್ಷ ಗಂಟಿನ ನೂರಕ್ಕೆ ನಾಲ್ಕರಷ್ಟು ತೆಗೆದು, ಮುಂದೆ ಬೆಲೆಯೇರಿಕೆಯಷ್ಟೇ ಹೆಚ್ಚಿಸುತ್ತ ಹೋದರೆ ಗಂಟು 30 ವರ್ಷ ಬಾಳುತ್ತದೆಂದು ವಿಲಿಯಂ ಬೆಂಗೆನ್ 1994ರಲ್ಲಿ ತೋರಿಸಿದ, ಅಪ್ಪನ ಹಂಗೇಕೆ? ಬೆಂಗೆನ್ ಲೆಕ್ಕ ಹಾಕಿದ್ದು ಅಮೆರಿಕದ ಷೇರು, ಬಾಂಡುಗಳ ಮೇಲೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಪಟ್ಟಿ, ಸೋದರಳಿಯನ ಮದುವೆಯ ಆಹೇರಿ ಆತನ ಕೋಷ್ಟಕದಲ್ಲಿಲ್ಲ. ಕೊಡುವವನು ಹೊರದೇಶದವನೆಂದು ತಿಳಿದೊಡನೆ ಪಟ್ಟಿಯ ಮೊತ್ತ ಏರುವ ವೇಗಕ್ಕೆ ಸೂಚ್ಯಂಕವೂ ಇಲ್ಲ. ಅಷ್ಟಕ್ಕೂ ಗಂಟು ಇರಬೇಕಲ್ಲ. ದುಬೈಯಲ್ಲಿ ದುಡಿದವನಿಗೆ ಕೊನೆಗೆ ಸಿಗುವುದು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲೆ 30 ದಿನದ್ದು, ಒಟ್ಟು ಎರಡು ವರ್ಷದ ಸಂಬಳ ಮೀರದಂತೆ. ಅಮೆರಿಕದಲ್ಲಿ ಹತ್ತು ವರ್ಷದ ದುಡಿಮೆ ತುಂಬದೆ ಮರಳಿದವನ ಸೋಷಿಯಲ್ ಸೆಕ್ಯುರಿಟಿ ಕಂತು ಅಲ್ಲಿನ ಮುದುಕರ ಸೇವೆಗೆ ಸಲ್ಲುತ್ತದೆ. ದಾಸೋಹವೆಂದು ಭಾವಿಸಿದರೆ ಸಂಕಟ ಕಡಿಮೆ.

ಶರಣರ ಕಲ್ಯಾಣದಲ್ಲಿ ಕೂಡಿಡುವ ಮಾತೇ ಸಲ್ಲದು, ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ತಿರುಗಿ ಕಳಿಸಲಿಲ್ಲವೇ ಎಂಬ ಆಕ್ಷೇಪ ಗಂಭೀರವಾದದ್ದು. ಆದರೆ ಅದು ನಮ್ಮ ಪಕ್ಷವನ್ನೇ ಬಲಪಡಿಸುತ್ತದೆ, ಏಕೆಂದರೆ ಕಾಯಕಕ್ಕೆ ಅರವತ್ತರ ಗಡುವಿಲ್ಲ. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಇಲ್ಲಿ ಕಟ್ಟಿಗೆಹೊರೆ ಮಾರಿದನೆಂದು ಪರಂಪರೆ ಹೇಳುತ್ತದೆ. ವಲಸೆ ಬಂದವನ ವರಮಾನ ಇಷ್ಟು ಕುಸಿದ ನಿದರ್ಶನ ಇನ್ನೊಂದು ಸಿಗದು, ಆದರೂ ಆತ ಪಿಂಚಣಿ ಬೇಡಲಿಲ್ಲ. ಅದೇ ಕಾಶ್ಮೀರದ ಬಿಲ್ಹಣ ಇನ್ನೊಂದು ಜಾತಿಯ ಅನಿವಾಸಿ: ಚಾಲುಕ್ಯರ ಆಸ್ಥಾನದಲ್ಲಿ ಉಂಡು ವಿಕ್ರಮಾಂಕದೇವಚರಿತ ಬರೆದ, 18ನೆಯದಾದ ಕೊನೆಯ ಸರ್ಗವನ್ನು ತನ್ನ ಊರು, ಮನೆತನಕ್ಕೆ ಮೀಸಲಿಟ್ಟ. ಇಂಥವರನ್ನು ಈಗ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕಾಣಬಹುದು.

ಉಳಿದದ್ದು ಒಂದೇ ತೊಡಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಸಹದಾಯಾದಿ ಮಾಡಿತು. ಆಗ ತಂದೆ ಬದುಕಿರಬೇಕೆಂದೇನೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹುಮನಾಬಾದಿಗೆ ಕೊಟ್ಟ ಅಕ್ಕನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಮುಗಿಯಿತೆಂದು ಮಗ ಎಣಿಸುತ್ತಾನೆ. ಆದರೆ ಅಪ್ಪನ ಕಾಲು ಸೋತ ಮೇಲೆ ಪ್ಲಾಟಿನ ಕಲ್ಲು ನೋಡುವವಳು, ತೊಗರಿಯ ಲೆಕ್ಕ ಕೇಳುವವಳು ಅವಳೇ ಆದ್ದರಿಂದ, ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಮುಖ್ತ್ಯಾರುಪತ್ರವನ್ನೂ ಅವಳ ಹೆಸರಿಗೇ ಕಳಿಸಬೇಕಾಗುತ್ತದೆ. ಒಂದೇ ಲಕೋಟೆಯಲ್ಲಿ ಎರಡೂ ಕಾಗದ ಬಂದಾಗ ಅಕ್ಕ ಯಾವುದನ್ನು ಇಟ್ಟುಕೊಳ್ಳುತ್ತಾಳೆಂಬುದಕ್ಕೆ ಮಿತಾಕ್ಷರದಲ್ಲಿ ವಿಧಿಯಿಲ್ಲ.