ಬಡಿದು ನೋಡುವ ತನಕ ಬಂಗಾರ

ಪೈರೈಟು ಕಬ್ಬಿಣ ಮತ್ತು ಗಂಧಕ ಕೂಡಿ ಆದ ಖನಿಜ. ಕಬ್ಬಿಣದ ಪರಮಾಣು ಒಂದಿದ್ದರೆ ಗಂಧಕದ್ದು ಎರಡು. ಹಿತ್ತಾಳೆಯ ಹಳದಿ, ಲೋಹದ ಹೊಳಪು, ಅಂಗೈಗೆ ತಿಳಿಯುವಷ್ಟು ಭಾರ, ಈ ಮೂರೇ ಸಾಕಾಗಿ ಅದು ಲೋಕದ ಎಷ್ಟೋ ಕಡೆ ಒಂದಲ್ಲ ಒಂದು ಸಲ ಚಿನ್ನವೆನಿಸಿಕೊಂಡಿದೆ. ಇದರಲ್ಲಿ ಪೈರೈಟಿನ ತಪ್ಪೇನಿಲ್ಲ. ತಾನು ಚಿನ್ನವೆಂದು ಅದು ಎಲ್ಲೂ ಹೇಳಿಕೊಂಡಿಲ್ಲ, ಹೇಳಿದವರು ಹೆಕ್ಕಿಕೊಂಡವರು. ಗಂಧಕ ಬೆರೆತ ಖನಿಜಗಳಲ್ಲಿ ಇದರಷ್ಟು ಧಾರಾಳವಾಗಿ ಸಿಗುವುದು ಬೇರೊಂದಿಲ್ಲ. ಚಿನ್ನಕ್ಕೋ, ಸುಲಭವಾಗಿ ಸಿಗುವುದಿಲ್ಲವೆಂದೇ ಬೆಲೆ. ಆದ್ದರಿಂದ ದಾರಿಯಲ್ಲಿ ಬಿದ್ದಿದ್ದ ಹೊಳೆಯುವ ಕಲ್ಲು ಯಾವುದೆಂದು ಲೆಕ್ಕ ಬಲ್ಲವನು ಕಲ್ಲನ್ನು ನೋಡದೆಯೇ ಹೇಳಬಲ್ಲ. ಆದರೆ ಅಂಥ ಕಲ್ಲು ಮನೆಗೆ ಬಂದ ದಿನ ಲೆಕ್ಕ ಬಲ್ಲವನ ಮಾತಿಗೆ ಯಾರೂ ಕಿವಿಗೊಡುವುದಿಲ್ಲ.

ಕರ್ನಾಟಕದಲ್ಲಿ ಈ ಗೊಂದಲಕ್ಕೆ ನೆಲದ ಕುಮ್ಮಕ್ಕೂ ಇದೆ. ಕೋಲಾರ, ಹಟ್ಟಿ, ಗದಗ ಸೀಮೆಯ ಪುರಾತನ ಶಿಲಾಪದರಗಳಲ್ಲಿ ಚಿನ್ನ ಇರುವುದು ಸುಳ್ಳಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚುವ ಹೊತ್ತಿಗೆ 800 ಟನ್ನಿಗೂ ಹೆಚ್ಚು ಚಿನ್ನ ಮೇಲೆ ಬಂದಿತ್ತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಬರುತ್ತಿದೆ. ಕಪ್ಪತಗುಡ್ಡದ ಸುತ್ತಿನ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಹುಡಿ ತೆಗೆಯುತ್ತಿದ್ದ ಜಲಗಾರರ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಷ್ಟು ಹಿಂದೆಯೇ ಬರೆದಿದ್ದ. ಇದೇ ಪದರಗಳಲ್ಲಿ ಪೈರೈಟೂ ಇದೆ, ಚಿನ್ನಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಇದೆ. ಚಿತ್ರದುರ್ಗದ ಹತ್ತಿರದ ಇಂಗಳದಾಳಿನ ತಾಮ್ರದ ಗಣಿಯ ಕಲ್ಲಿನಲ್ಲಿ ಪೈರೈಟಿನ ಜೊತೆಗೆ ಅದರ ದಾಯಾದಿ ಚಾಲ್ಕೊಪೈರೈಟೂ ಮಿಂಚುತ್ತದೆ. ಹೊಳೆಯ ಮರಳಿನಲ್ಲಿ ಬಿಸಿಲಿಗೆ ಫಳಫಳಿಸುವ ತೆಳುವಾದ ಚೂರುಗಳು ಮಾತ್ರ ಇವೆರಡೂ ಅಲ್ಲ, ಅಭ್ರಕ. ಹಳ್ಳಿಯವರು ಅದನ್ನು ಕಾಗೆ ಬಂಗಾರವೆಂದು ಕರೆದು ಆ ವ್ಯವಹಾರವನ್ನು ಎಂದೋ ಮುಗಿಸಿದ್ದಾರೆ.

ಪೈರೈಟು ಮನೆಯೊಳಗೆ ಬರುವುದು ಕ್ವಾರಿಯ ಜಲ್ಲಿಯ ಜೊತೆಗೆ, ಬಾವಿ ತೋಡಿದ ಮಣ್ಣಿನಲ್ಲಿ, ಪ್ರವಾಸ ಹೋಗಿಬಂದ ಮಕ್ಕಳ ಜೇಬಿನಲ್ಲಿ. ಬೋರ್‌ವೆಲ್ ಕೊರೆಸುವಾಗ ಕೂಡ ಅದು ಮೇಲೆ ಬರುವುದುಂಟು. ನಾಲ್ಕು ನೂರು ಅಡಿ ಹೋದರೂ ನೀರಿನ ಪಸೆಯಿಲ್ಲದೆ ಬರೀ ಬೂದಿಬಣ್ಣದ ಪುಡಿ ಹಾರುತ್ತಿರುವಾಗ ಅದರೊಳಗೆ ಹಳದಿ ಕಣ ಮಿನುಗಿತೆಂದರೆ, ಹೊಲದ ಯಜಮಾನನಿಗೆ ಅರ್ಧ ಗಂಟೆಯ ಮಟ್ಟಿಗಾದರೂ ನೀರು ಮರೆತುಹೋಗುತ್ತದೆ. ಅಡಿಯ ಲೆಕ್ಕದಲ್ಲಿ ದುಡ್ಡು ಎಣಿಸುವ ಲಾರಿಯವನಿಗೆ ಮಾತ್ರ ಏನೂ ಮರೆಯುವುದಿಲ್ಲ.

ಚಿನ್ನವನ್ನೂ ಪೈರೈಟನ್ನೂ ಬೇರೆ ಬೇರೆಯೆಂದು ಗುರುತಿಸಲು ಒಂದು ಸುತ್ತಿಗೆ, ಐದು ನಿಮಿಷ ಸಾಕು. ಮನೆಗಳಲ್ಲಿ ಇದಕ್ಕೆ ವಾರ ಹಿಡಿಯುವುದು ಸಲಕರಣೆ ಇಲ್ಲದ್ದಕ್ಕಲ್ಲ. ಏನನ್ನೂ ತಿಳಿಸದ ಪರೀಕ್ಷೆಯನ್ನು ಮೊದಲು ಮಾಡುವುದು, ಅದನ್ನೇ ಎರಡೆರಡು ಸಲ ಮಾಡುವುದು, ಖಚಿತವಾಗಿ ತಿಳಿಸಿಬಿಡುವುದನ್ನು ಆದಷ್ಟು ಮುಂದಕ್ಕೆ ಹಾಕುವುದು ವಾಡಿಕೆ.

ಏನನ್ನೂ ತಿಳಿಸದ ಪರೀಕ್ಷೆಗಳಲ್ಲಿ ಆಯಸ್ಕಾಂತದ್ದು ಮೊದಲ ಸ್ಥಾನ. ಕೆಟ್ಟ ಸ್ಪೀಕರಿನಿಂದ ಕಿತ್ತ ಆಯಸ್ಕಾಂತವನ್ನು ಕಲ್ಲಿನ ಹತ್ತಿರ ಹಿಡಿಯಲಾಗುತ್ತದೆ. ಕಲ್ಲು ಮಿಸುಕುವುದಿಲ್ಲ. ಕಬ್ಬಿಣವಲ್ಲ, ಆದ್ದರಿಂದ ಚಿನ್ನ ಎಂಬ ತೀರ್ಮಾನ ಕೂಡಲೇ ಹೊರಬೀಳುತ್ತದೆ. ಪೈರೈಟಿನ ಮೈಯಲ್ಲಿ ತೂಕದ ಅರ್ಧಕ್ಕೆ ತುಸು ಕಡಿಮೆ ಕಬ್ಬಿಣವೇ ಇದ್ದರೂ ಗಂಧಕದ ಜೊತೆ ಬೆಸೆದುಕೊಂಡ ಆ ಕಬ್ಬಿಣ ಮನೆಯ ಆಯಸ್ಕಾಂತಕ್ಕೆ ಓಗೊಡುವುದಿಲ್ಲ. ಚಿನ್ನವೂ ಓಗೊಡುವುದಿಲ್ಲ. ಎರಡರ ಉತ್ತರವೂ ಒಂದೇ ಆದ್ದರಿಂದ ಈ ಪರೀಕ್ಷೆಯಲ್ಲಿ ನಪಾಸಾಗುವ ಭಯವಿಲ್ಲ. ಇದರ ಜನಪ್ರಿಯತೆಗೆ ಅದೇ ಕಾರಣ.

ಕಣ್ಣಿನಿಂದ ನೋಡಿ ತಿಳಿಯುವುದು ಇದಕ್ಕಿಂತ ವಾಸಿ, ಕಣ್ಣು ಪಕ್ಷಪಾತ ಮಾಡದಿದ್ದರೆ. ಚಿನ್ನದ ಬಣ್ಣ ಬಿಸಿಲಿನಲ್ಲೂ ನೆರಳಿನಲ್ಲೂ ಹೆಚ್ಚುಕಡಿಮೆ ಒಂದೇ. ಪೈರೈಟನ್ನು ಬೆಳಕಿನಲ್ಲಿ ತಿರುಗಿಸಿದರೆ ಒಂದು ಮಗ್ಗುಲಿಗೆ ಝಗ್ಗೆಂದು ಇನ್ನೊಂದು ಮಗ್ಗುಲಿಗೆ ಮಂಕಾಗುತ್ತದೆ. ನೆರಳಿಗೆ ತಂದರೆ ಸಪ್ಪಗಾಗುತ್ತದೆ. ಆಕಾರವೂ ಗುಟ್ಟು ಬಿಟ್ಟುಕೊಡುತ್ತದೆ. ಹಳ್ಳದಲ್ಲಿ ಉರುಳಿ ಬಂದ ಚಿನ್ನಕ್ಕೆ ಮೂಲೆಯಿಲ್ಲ, ಅಂಚಿಲ್ಲ; ಅದು ಗುಂಡಾದ ಹರಳು, ಇಲ್ಲವೆ ಚಪ್ಪಟೆ ಚೂರು. ಪೈರೈಟು ಅಳೆದು ಕೊಯ್ದಂಥ ಘನಾಕೃತಿಯಲ್ಲಿ ಬೆಳೆಯುತ್ತದೆ, ಮುಖಗಳ ಮೇಲೆ ಸಣ್ಣ ಸಣ್ಣ ಸಮಾನಾಂತರ ಗೆರೆಗಳಿರುತ್ತವೆ. ಸ್ಪೇನಿನ ನವಾಹುನ್ ಎಂಬ ಊರಿನ ಪೈರೈಟು ಘನಗಳನ್ನು ಕಂಡವರು ಯಂತ್ರದಲ್ಲಿ ಕತ್ತರಿಸಿದ್ದೆಂದೇ ವಾದಿಸುತ್ತಾರೆ. ಈ ಅಚ್ಚುಕಟ್ಟುತನ ಅನುಮಾನ ಹುಟ್ಟಿಸಬೇಕಾದದ್ದು ನ್ಯಾಯ. ನಡೆಯುವುದು ತಿರುಗಾಮುರುಗಾ: ಇಷ್ಟು ನೀಟಾದ ಕಲ್ಲು ತಾನಾಗಿ ಆದದ್ದಿರಲಾರದು, ಯಾರೋ ಪಾಳೆಯಗಾರ ಹೂತಿಟ್ಟದ್ದೇ ಇರಬೇಕೆಂದು ಮನೆಯ ಹಿರಿಯರು ಅದನ್ನು ಖನಿಜದ ಮಟ್ಟದಿಂದ ನಿಧಿಯ ಮಟ್ಟಕ್ಕೆ ಏರಿಸುತ್ತಾರೆ. ಆಗ ಕಲ್ಲು ದೇವರ ಮನೆ ಸೇರಿ ಮುಂದಿನ ಪರೀಕ್ಷೆಗಳಿಂದ ಕೆಲವು ದಿನ ಪಾರಾಗುತ್ತದೆ.

ಭಾರದ ವಿಷಯದಲ್ಲಿ ಅಂಗೈಯನ್ನು ನಂಬುವಂತಿಲ್ಲ. ಸಾಮಾನ್ಯ ಕಲ್ಲು ನೀರಿನ ಸುಮಾರು 2.7 ಪಟ್ಟು ಭಾರ, ಪೈರೈಟು 5 ಪಟ್ಟು. ಹೀಗಾಗಿ ಎತ್ತಿದವರೆಲ್ಲ "ಅಬ್ಬಾ, ಏನು ಭಾರ!" ಎನ್ನುವುದು ಸಹಜವೇ. ಆದರೆ ಅಪ್ಪಟ ಚಿನ್ನ 19.3 ಪಟ್ಟು. 30 ಮಿಲಿಲೀಟರ್ ಗಾತ್ರದ ಪೈರೈಟು ಉಂಡೆ 150 ಗ್ರಾಂ ತೂಗಿದರೆ ಅಷ್ಟೇ ಗಾತ್ರದ ಚಿನ್ನ 579 ಗ್ರಾಂ ತೂಗುತ್ತದೆ. ಅಬ್ಬಾ ಎನ್ನಲು ಉಸಿರೇ ಉಳಿಯದಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು.

ಸರಿಯಾಗಿ ಅಳೆಯಬೇಕೆಂದರೆ ಆರ್ಕಿಮಿಡೀಸನ ಉಪಾಯ ಅಡುಗೆಮನೆಯಲ್ಲೇ ಸಾಧ್ಯ. ಮೊದಲು ಕಲ್ಲನ್ನು ಬರಿದೇ ತೂಗಬೇಕು. ಆಮೇಲೆ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಬೇಕು. ತಕ್ಕಡಿ ಈಗ ತೋರಿಸುವ ಗ್ರಾಮುಗಳೇ ಕಲ್ಲಿನ ಗಾತ್ರದ ಮಿಲಿಲೀಟರುಗಳು. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿದರೆ ಉತ್ತರ. 50 ಗ್ರಾಮಿನ ಕಲ್ಲಿಗೆ ನೀರಿನಲ್ಲಿ 10 ಬಂದರೆ ಅದು ಪೈರೈಟು; ಚಿನ್ನವಾಗಿದ್ದರೆ 2.6ರ ಆಸುಪಾಸಿನಲ್ಲಿರಬೇಕಿತ್ತು. ಬೆಣಚುಕಲ್ಲಿನಲ್ಲಿ ಕಣ ಹುದುಗಿದ್ದರೆ ಈ ಲೆಕ್ಕ ನಡೆಯದು, ಬೆಣಚಿನ ತೂಕ ಎಲ್ಲವನ್ನೂ ಕೆಡಿಸುತ್ತದೆ. ಇದನ್ನು ಓದಿದವರು ತಮ್ಮ ಕಲ್ಲಿನಲ್ಲಿ ಬೆಣಚು ಖಂಡಿತ ಇದೆ ಎನ್ನುವುದೂ ವಾಡಿಕೆಯಲ್ಲಿ ಸೇರಿದೆ.

ಕಚ್ಚಿ ನೋಡುವ ಪದ್ಧತಿಗೆ ಸಿನಿಮಾಗಳೂ ಒಲಿಂಪಿಕ್ಸೂ ಪ್ರಚಾರ ಕೊಟ್ಟಿವೆ. ಇಂದಿನ ಒಲಿಂಪಿಕ್ ಚಿನ್ನದ ಪದಕದಲ್ಲಿ ಬಹುಪಾಲು ಬೆಳ್ಳಿಯೇ ಎಂಬುದು ಹಾಗಿರಲಿ, ಗಡಸುತನದ ಲೆಕ್ಕ ಗಮನಿಸತಕ್ಕದ್ದು. ಮೋಸ್ ಮಾಪಕದಲ್ಲಿ ಚಿನ್ನಕ್ಕೆ 2.5ರಿಂದ 3, ಹಲ್ಲಿನ ಎನಾಮಲ್ಲಿಗೆ 5, ಪೈರೈಟಿಗೆ 6ರಿಂದ 6.5. ಪೈರೈಟನ್ನು ಗಟ್ಟಿಯಾಗಿ ಕಚ್ಚಿದರೆ ಗುರುತು ಬೀಳುವುದು ಹಲ್ಲಿನ ಮೇಲೆ. ಅದೂ ಒಂದು ಬಗೆಯ ಫಲಿತಾಂಶವೇ, ಆದರೆ ದಂತವೈದ್ಯರ ಶುಲ್ಕ ಕೊಟ್ಟು ಪಡೆಯುವಂಥದ್ದಲ್ಲ. ಇದೇ ಸಂಗತಿಯನ್ನು ಗಾಜಿನ ಚೂರು ಪುಕ್ಕಟೆಯಾಗಿ ತಿಳಿಸುತ್ತದೆ: ಪೈರೈಟು ಗಾಜನ್ನು ಗೀರುತ್ತದೆ, ಚಿನ್ನಕ್ಕೆ ಅದು ಆಗದು.

ಗೆರೆ ಎಳೆದು ನೋಡುವುದು ಹೆಚ್ಚು ನಂಬಿಕೆಯ ದಾರಿ. ಉಪ್ಪಿನಕಾಯಿ ಜಾಡಿಯನ್ನು ಬೋರಲು ಹಾಕಿದರೆ ತಳದ ಅಂಚಿನಲ್ಲಿ ಹೊಳಪು ಬಳಿಯದ ಒರಟು ಬಿಳಿ ಬಳೆ ಕಾಣುತ್ತದೆ. ಕಲ್ಲನ್ನು ಅದಕ್ಕೆ ಒತ್ತಿ ಉಜ್ಜಬೇಕು. ಚಿನ್ನ ಬಿಡುವುದು ಚಿನ್ನದ್ದೇ ಗೆರೆ. ಪೈರೈಟು ಬಿಡುವುದು ಹಸಿರು ಮಿಶ್ರಿತ ಕಪ್ಪು. ಮೈಮೇಲಿನ ಹಳದಿಯೆಲ್ಲ ಎಲ್ಲಿ ಹೋಯಿತೋ ಎನ್ನುವಂಥ ಮಸಿ. ಅಕ್ಕಸಾಲಿಗರ ಒರೆಗಲ್ಲು ಈ ಕೆಲಸಕ್ಕೆ ಒದಗದು. ಅದು ಸ್ವತಃ ಕಪ್ಪು, ಪೈರೈಟಿನ ಕಪ್ಪು ಗೆರೆ ಅದರ ಮೇಲೆ ಕಾಣುವುದೇ ಇಲ್ಲ. ಒರೆಗಲ್ಲು ಇರುವುದು ಚಿನ್ನವೆಂದು ಆಗಲೇ ಗೊತ್ತಿರುವ ಚಿನ್ನ ಎಷ್ಟು ಶುದ್ಧವೆಂದು ತಿಳಿಯಲು. ಅಂಗಡಿಗೆ ಕಲ್ಲು ಹಿಡಿದುಕೊಂಡು ಹೋದವರಿಗೆ ಅಕ್ಕಸಾಲಿಗರು ಒರೆ ಹಚ್ಚದೆಯೇ ಅದನ್ನು ಹಿಂದಿರುಗಿಸಿದರೆ ಅದು ಅಸಡ್ಡೆಯಲ್ಲ.

ಕೊನೆಗೆ ಸುತ್ತಿಗೆ. ಲೋಹಗಳಲ್ಲೆಲ್ಲ ಚಿನ್ನದಷ್ಟು ಬಡಿತ ತಾಳುವುದು ಬೇರೆಯಿಲ್ಲ. ಒಂದು ಗ್ರಾಮನ್ನು ಬಡಿದು ಬಡಿದು ಸುಮಾರು ಒಂದು ಚದರ ಮೀಟರಿನ ಹಾಳೆ ಮಾಡಬಹುದು. ಪೈರೈಟು ಮೊದಲ ಏಟಿಗೇ ಪುಡಿ. ಏಟು ಉಕ್ಕಿನದಾಗಿ ಜೋರಾಗಿದ್ದರೆ ಕಿಡಿಯೂ ಹಾರೀತು, ಗಂಧಕದ ವಾಸನೆಯೂ ಬಂದೀತು. ಇಡೀ ಕಲ್ಲನ್ನು ಬಲಿ ಕೊಡಬೇಕಿಲ್ಲ. ಒಂದು ಮೂಲೆಯನ್ನು ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಹೊಡೆದರೆ ಸಾಕು. ಕಣ ತೀರ ಚಿಕ್ಕದಾದರೆ ಸೂಜಿಯಿಂದ ಚುಚ್ಚಬೇಕು: ಚಿನ್ನದಲ್ಲಿ ತಗ್ಗು ಬೀಳುತ್ತದೆ, ಪೈರೈಟು ಸೂಜಿಗೆ ಜಗ್ಗುವುದಿಲ್ಲ, ಜಗ್ಗಿದರೆ ಚೂರಾಗಿ ಸಿಡಿಯುತ್ತದೆ. ಇಷ್ಟು ಸುಲಭದ ಪರೀಕ್ಷೆಗೆ ಮನೆಯಲ್ಲಿ ಬರುವ ಆಕ್ಷೇಪ ಒಂದೇ, ಅಕಸ್ಮಾತ್ ಚಿನ್ನವಾಗಿದ್ದರೆ ಹಾಳಾಗುತ್ತದಲ್ಲ ಎಂಬುದು. ಚಿನ್ನವಾಗಿದ್ದರೆ ಹಾಳಾಗುವುದಿಲ್ಲ ಎನ್ನುವುದೇ ಇಲ್ಲಿನ ವಿಷಯ. ಇದನ್ನು ವಿವರಿಸಿ ಗೆದ್ದವರು ಕಡಿಮೆ.

ಒಲೆಗೂ ಆಮ್ಲಕ್ಕೂ ಈ ಪಟ್ಟಿಯಲ್ಲಿ ಜಾಗವಿಲ್ಲ. ಪೈರೈಟನ್ನು ಕಾಯಿಸಿದರೆ ಗಂಟಲು ಕಟ್ಟುವ ಗಂಧಕದ ಹೊಗೆ ಏಳುತ್ತದೆ. ಅದರ ಇನ್ನೊಂದು ದಾಯಾದಿ ಆರ್ಸೆನೊಪೈರೈಟನ್ನು ಕಾಯಿಸಿದರೆ ಬೆಳ್ಳುಳ್ಳಿಯ ವಾಸನೆಯ ಜೊತೆಗೆ ಪಾಷಾಣವೇ ಹೊರಬರುತ್ತದೆ. ನೈಟ್ರಿಕ್ ಆಮ್ಲ ಅಂಗಡಿಯ ಕಸುಬುದಾರರ ಕೈಯಲ್ಲಿರಬೇಕಾದ ವಸ್ತು.

ಪರೀಕ್ಷೆಗಳೆಲ್ಲ ಒಂದೇ ಉತ್ತರ ಕೊಟ್ಟಾಗ ಪರೀಕ್ಷಕರನ್ನು ಬದಲಾಯಿಸುವ ಮಾರ್ಗವೊಂದಿದೆ. ಇದರ ದೊಡ್ಡ ಉದಾಹರಣೆ ಇಂಗ್ಲೆಂಡಿನದು. 1576ರಲ್ಲಿ ಮಾರ್ಟಿನ್ ಫ್ರೋಬಿಶರ್ ಇಂದಿನ ಕೆನಡಾದ ಬ್ಯಾಫಿನ್ ದ್ವೀಪದ ಕಡೆಯಿಂದ ಒಂದು ಕರಿಕಲ್ಲು ತಂದ. ಪ್ರವಾಸಕ್ಕೆ ಹಣ ಹೂಡಿದ್ದ ವರ್ತಕ ಮೈಕೆಲ್ ಲಾಕ್ ಅದನ್ನು ಲಂಡನ್ನಿನ ಟಂಕಸಾಲೆಯ ಪರೀಕ್ಷಕ ಸೇರಿ ಹಲವರಿಗೆ ತೋರಿಸಿದ. ಚಿನ್ನವಿಲ್ಲ ಎಂದರು. ಲಾಕ್ ಮತ್ತೊಬ್ಬರನ್ನು ಹುಡುಕಿದ. ಆನ್ಯೆಲ್ಲೊ ಎಂಬ ಇಟಲಿಯವ ಚಿನ್ನವಿದೆ ಎಂದ, ಅಲ್ಲಿಗೆ ಹುಡುಕಾಟ ನಿಂತಿತು. ರಾಣಿ ಎಲಿಜಬೆತ್ ಕೂಡ ಹಣ ಹಾಕಿದಳು. 1578ರಲ್ಲಿ 15 ಹಡಗುಗಳು ಹೋಗಿ ಸಾವಿರಕ್ಕೂ ಹೆಚ್ಚು ಟನ್ ಕಲ್ಲು ಹೊತ್ತು ತಂದವು. ಕುಲುಮೆ ಕಟ್ಟಿ ಕರಗಿಸಿದ ಮೇಲೂ ಚಿನ್ನ ಬರಲಿಲ್ಲ. ಕಲ್ಲು ಡಾರ್ಟ್‌ಫರ್ಡಿನ ಗೋಡೆಗಳಿಗೂ ರಸ್ತೆಗಳಿಗೂ ಹೋಯಿತು, ಲಾಕ್ ಸಾಲಗಾರರ ಸೆರೆಮನೆಗೆ ಹೋದ. ಅದು ಪೈರೈಟು ಕೂಡ ಆಗಿರಲಿಲ್ಲ ಎಂಬುದು ವಿಶೇಷ.

ಇದಕ್ಕೆ ಉಲ್ಟಾ ನಡೆದದ್ದೂ ಇದೆ, ಕಲ್ಲು ಸಿಕ್ಕಿದವರು ಅದನ್ನು ಬೇಗ ಕಲಿತುಕೊಳ್ಳುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಕಾಲ್‌ಗೂರ್ಲಿಯಲ್ಲಿ ಹಿತ್ತಾಳೆ ಬಣ್ಣದ ಕಲ್ಲೊಂದನ್ನು ಕೆಲಸಕ್ಕೆ ಬಾರದ ಪೈರೈಟೆಂದು ಬಗೆದು ರಸ್ತೆಯ ಗುಂಡಿಗಳಿಗೆ ತುಂಬಿದ್ದರಂತೆ. ಅದು ಟೆಲ್ಯೂರಿಯಂ ಜೊತೆ ಬೆರೆತ ಚಿನ್ನವೆಂದು 1896ರಲ್ಲಿ ತಿಳಿದಾಗ ಊರಿನವರು ರಸ್ತೆ ಅಗೆದರೆಂದು ಕಥೆ. ಅಮೆರಿಕದ ನೆವಾಡದ ಕಾರ್ಲಿನ್ ಗಣಿಗಳಲ್ಲಿ ಚಿನ್ನ ಅಡಗಿರುವುದು ಪೈರೈಟಿನ ಒಳಗೇ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದಾಗಿ. ಹಟ್ಟಿಯ ಅದಿರಿನಲ್ಲೂ ಚಿನ್ನ ಮತ್ತು ಪೈರೈಟು ಒಂದೇ ಮನೆಯವು. ಹಾಗಾದರೆ ಕೈಯಲ್ಲಿರುವ ಪೈರೈಟಿನಲ್ಲಿ ಚಿನ್ನ ಇರಬಹುದೇ? ಇರಬಹುದು. ಟನ್ನಿಗೆ 4 ಗ್ರಾಂ ಎಂದಿಟ್ಟುಕೊಂಡರೆ ಅರ್ಧ ಕಿಲೋ ಕಲ್ಲಿನಲ್ಲಿ 2 ಮಿಲಿಗ್ರಾಂ, ಎಳ್ಳುಕಾಳಿನ ತೂಕಕ್ಕೂ ಕಡಿಮೆ. ಅದನ್ನು ಬಿಡಿಸಲು ಸಯನೈಡ್ ಬೇಕು.

ಒಡವೆ ಅಂಗಡಿಯಲ್ಲಿ ಪೈರೈಟಿನ ಭಯವಿಲ್ಲ. ತಂತಿಯಾಗದ, ತಗಡಾಗದ ಖನಿಜದಿಂದ ಚಿನ್ನದಂಥ ಸರ ಮಾಡಲು ಬಾರದು. ಅಲ್ಲಿ ನೋಡಬೇಕಾದದ್ದು ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಗುರುತು. ಪೈರೈಟು ಈಚೆಗೆ ಆನ್‌ಲೈನಿನಲ್ಲಿ ಧನಾಕರ್ಷಣೆಯ ಕಲ್ಲೆಂದು ಸ್ವಂತ ಹೆಸರಿನಲ್ಲೇ, ಮಣಿಗಳ ಬಳೆಯಾಗಿ, ಮೇಜಿನ ಮೇಲಿಡುವ ಗಟ್ಟಿಯಾಗಿ ಮಾರಾಟವಾಗುತ್ತಿದೆ. ಮಾರುವವರ ಕಡೆಗೆ ಧನ ಬರುತ್ತಿರುವುದರಿಂದ ಈ ಹೇಳಿಕೆಯನ್ನು ಪೂರ್ತಿ ಸುಳ್ಳೆನ್ನುವಂತಿಲ್ಲ.

ಪೈರೈಟೆಂದು ಒಪ್ಪಿಕೊಂಡ ಮೇಲೂ ಅದನ್ನು ಎಸೆಯಬೇಕಿಲ್ಲ, ಒಣಗಿದ ಕಡೆ ಇಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಕೆಲವು ಪೈರೈಟುಗಳು ನಿಧಾನವಾಗಿ ಕೊಳೆಯುತ್ತವೆ: ಮೈಮೇಲೆ ಬೆಳ್ಳನೆಯ ಪುಡಿ ಏಳುತ್ತದೆ, ಗಂಧಕಾಮ್ಲ ಹುಟ್ಟಿ ಕೆಳಗಿನ ಕಾಗದ, ಹತ್ತಿ, ರಟ್ಟಿನ ಪೆಟ್ಟಿಗೆಗಳನ್ನು ತಿನ್ನುತ್ತದೆ. ವಸ್ತುಸಂಗ್ರಹಾಲಯಗಳಿಗೆ ಇದು ಗೊತ್ತಿರುವ ಕಾಟ. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಬಚ್ಚಿಟ್ಟವರು ಆಷಾಢಕ್ಕೆ ಮೊದಲೇ ಹೊರತೆಗೆಯುವುದು ಮೇಲು. ಗಾಜಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ, ಹೆಸರು ಮತ್ತು ಸಿಕ್ಕ ಊರು ಬರೆದು ಹತ್ತಿರದ ಪ್ರೌಢಶಾಲೆಗೆ ಕೊಟ್ಟರೆ ವಿಜ್ಞಾನದ ಮೇಷ್ಟ್ರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ.